ಕರೀಮಾಬಿ ಹೂಡಿದ ದಾವೆ

ಕರೀಮಾಬಿ ತನ್ನ ಮಗಳ ಮೇಲೆ ದಾವೆ ಹೂಡಿದ್ದಾಳೆ ಎಂಬ ಸುದ್ದಿ ಕರೀಮಾಬಿಗೆ ತಿಳಿದದ್ದು ಹಾಲು ಹಾಕುವ ದೇವಕ್ಕನಿಂದ.

"ಅಲ್ರಿ, ಹೊಟ್ಟೀಲೆ ಹುಟ್ಟಿದ ಮಗಳನ್ನ ಕೋರ್ಟಿಗೆ ಎಳಿಯೂದಾ?" ಎಂದು ದೇವಕ್ಕ ತಂಬಿಗೆಗೆ ಹಾಲು ಹೊಯ್ಯುತ್ತ ಕೇಳಿದಳು.

"ಯಾರು ಎಳದಾರ?"

"ನೀವ. ನಿನ್ನಿ ಕೋರ್ಟಿನ ಬೇಲೀಫ ಬಂದು ನಜ್ಮಾಗ ಸಮನ್ಸ ಕೊಟ್ಟು ಹೋದ. ಓಣಿ ಮಂದಿ ಎಲ್ಲಾ ನೋಡೇತಿ."

ಕರೀಮಾಬಿ ಹಾಲಿನ ತಂಬಿಗೆಯನ್ನು ಅಲ್ಲೇ ಬಿಟ್ಟು ಮುಂದಿನ ಕೋಣೆಗೆ ಬಂದಳು. ನಜ್ಮಾ ಹೊಲಿಗೆ ಮಶೀನಿನ ಮುಂದೆ ಕೂತಿದ್ದಳು, ಚಕ್ರ ತಿರುಗುತ್ತಿರಲಿಲ್ಲ. ತಾಯಿ ಕೇಳುವ ಮೊದಲೇ ಕಾಗದ ತೆಗೆದು ಓದಿದಳು. ವಾದಿ ಕರೀಮಾಬಿ, ಅಹಮದಸಾಬನ ವಿಧವೆ, ಬುದ್ಧಿ ಸ್ತಿಮಿತದಲ್ಲಿ ಇಲ್ಲದವಳು. ಆಕೆಯ ಪರವಾಗಿ ಮಗ ಅಬ್ದುಲಮಜೀದ. ಪ್ರತಿವಾದಿ ನಜ್ಮಾ.

"ನಾ ಹುಚ್ಚಿ ಅಂತ ಬರದಾರೇನು?"

"ಹೌದಮ್ಮಾ. ಹುಚ್ಚಿ ಇದ್ದೀ, ಅದಕ್ಕ ನನಗ ಈ ಎರಡು ಖೋಲಿ ಕೊಟ್ಟಿ ಅಂತ."

ಹಳೇ ಹುಬ್ಬಳ್ಳಿಯ ಆ ಮನೆಯನ್ನು ಅಹಮದಸಾಬ ಮದುವೆಯಲ್ಲಿ ಒಪ್ಪಿಕೊಂಡಿದ್ದ ಮಹರಿನ ಬಾಬತ್ತು ಹೆಂಡತಿಯ ಹೆಸರಿಗೆ ಬಿಟ್ಟು ತೀರಿಕೊಂಡು ಆರು ವರ್ಷವಾಗಿತ್ತು. ತಂದೆಯ ಟ್ರಂಕಿನ ಅಂಗಡಿ ಮಜೀದನಿಗೆ ಬಂತು. ಗಂಡ ಸತ್ತ ಮೇಲೆ ನಜ್ಮಾ ಒಂದು ಮಶೀನು ಹೊತ್ತುಕೊಂಡು ತವರಿಗೆ ಬಂದಳು. ತಾನು ಇರುವತನಕ ಏನೋ ನಡೆದೀತು, ಆಮೇಲೆ ಇವಳನ್ನು ಕೇಳುವವರಾರು ಎಂದು ಕರೀಮಾಬಿ ಮುಂದಿನ ಎರಡು ಕೋಣೆಗಳನ್ನು ಮಗಳಿಗೆ ದಾನವಾಗಿ ಬರೆದುಕೊಟ್ಟಿದ್ದಳು. ಮಜೀದನಿಗೆ ಬೇಕಾಗಿದ್ದುದೂ ಅವೇ. ಬೀದಿಗೆ ಬಾಗಿಲಿದ್ದ ಆ ಕೋಣೆಗಳಲ್ಲಿ ಅವನು ಇನ್ನೊಂದು ಅಂಗಡಿ ಮಾಡಬೇಕೆಂದಿದ್ದ. ತಾಯಿ ಬದುಕಿರುವಾಗ ಮಗನ ಹಕ್ಕು ನಡೆಯದು ಎಂದು ಅವನ ವಕೀಲ ಹೇಳಿದ್ದ. ಆದರೆ ತಾಯಿಗೆ ಬುದ್ಧಿ ಸ್ತಿಮಿತವಿಲ್ಲದಿದ್ದರೆ ಅವಳ ಹೆಸರಿನಲ್ಲೇ ಮಗ ದಾವೆ ನಡೆಸಬಹುದು ಎಂದೂ ಹೇಳಿದ್ದ.

ಸಂಜೆ ಊಟಕ್ಕೆ ಕೂತಾಗ ಕರೀಮಾಬಿ ಮಗನನ್ನು ಕೇಳಿದಳು. ಸೊಸೆ ಗುಲ್ಜಾರಬಿ ರೊಟ್ಟಿ ಬಡಿಯುತ್ತಿದ್ದಳು.

"ನನಗ ಹುಚ್ಚು ಯಾವಾಗ ಹಿಡೀತು, ಮಜೀದ?"

"ಕಾಗದದಾಗ ಹಂಗ ಬರೀಬೇಕಾಕ್ಕೈತಿ. ನೀ ಮನಸಿಗಿ ಹಚಗೋಬ್ಯಾಡ."

"ಕಾಗದದಾಗ ಬರದ್ರ ನಾಳೆ ಓಣ್ಯಾಗ ಅಂತಾರ. ನಾಡದು ನೀನ ಅಂತಿ."

"ಈ ಮನಿ ಒಡದು ಆಕಿಗಿ ಕೊಟ್ಟದ್ದು ಶ್ಯಾಣೇತನಾನ ಹಂಗಾರ?"

"ನಾ ನನ್ನದನ್ನ ಕೊಟ್ಟೇನಿ," ಎಂದಳು ಕರೀಮಾಬಿ. "ನಿನ್ನದನ್ನ ಅಲ್ಲ."

ಗುಲ್ಜಾರಬಿ ಅತ್ತೆಯ ತಾಟಿಗೆ ಬಿಸಿ ರೊಟ್ಟಿ ಹಾಕಿ ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಅವಳು ಮಾತಾಡುವವಳೇ ಅಲ್ಲ. ಎರಡು ವರ್ಷದ ಹಿಂದೆ ಅವಳ ಒಬ್ಬನೇ ಮಗ ಮೌಲಾಲಿ ನಾಲ್ಕನೆಯ ವಯಸ್ಸಿಗೆ ಗಂಟಲಬೇನೆಯಿಂದ ತೀರಿಕೊಂಡಿದ್ದ. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದಿದ್ದರೆ ಅವಳಿಗೆ ಹಗುರಾದೀತೆಂದು ಎಲ್ಲರೂ ತಿಳಿದಿದ್ದರು.

ಹುಬ್ಬಳ್ಳಿ ಕೋರ್ಟಿನಲ್ಲಿ ಮೊಕದ್ದಮೆ ನಡೆದ ದಿನ ನಜ್ಮಾ ತಿರುಗಿ ಬಂದು ಬುರ್ಖಾ ಬಿಚ್ಚಿದವಳೇ ತಾಯಿಯ ಬಳಿಗೆ ಬಂದು ಕೂತಳು. ಕರೀಮಾಬಿ ಮೊರದಲ್ಲಿ ಬೇಳೆ ಹಸನ ಮಾಡುತ್ತಿದ್ದಳು.

"ಅಮ್ಮಾ, ಧಾರವಾಡದ ಡಾಕ್ಟರು ನಿನ್ನ ತಪಾಸ ಮಾಡ್ಯಾರಂತ. ನೀಲಕಂಠಪ್ಪ ಅಂತ ಅವರ ಹೆಸರು. ಸರಕಾರಿ ಚಾಕರಿ ಮಾಡಿ ನಿವೃತ್ತಿ ಆದಾವರು."

"ನನ್ನನ್ನ? ಎಲ್ಲಿ?"

"ಇಲ್ಲೇ, ಮನ್ಯಾಗ. ಪರದೆ ಹಿಂದ ಕುಂತು ನೀ ಮಾತಾಡಿದಿ ಅಂತ. ನಾಡಿ ನೋಡಿದೆ ಅಂದ್ರು. ನೀ ಏನ ಅಂದಿ ಅನ್ನೂದನ್ನೂ ಹೇಳಿದ್ರು." ನಜ್ಮಾ ದನಿ ತಗ್ಗಿಸಿದಳು. "'ಅವ ದೀಪಾ ಹಚ್ಚೂ ಹೊತ್ತಿಗಿ ಹಿತ್ತಲ ಬಾಗಲಕ ಬರ್ತಾನ. ಹಸದಿರ್ತಾನ. ಯಾರೂ ಬಾಗಲಾ ತೆರಿಯೂದಿಲ್ಲ.' ಹಿಂಗ ಅಂದಿ ಅಂತ."

ಮೊರದ ಮೇಲೆ ಆಡುತ್ತಿದ್ದ ಬೆರಳು ನಿಂತವು.

"ಯಾರು ಬರ್ತಾನ?"

"ನಮ್ಮ ಅಪ್ಪ ಅಂತ ಎಲ್ಲಾರೂ ತಿಳಕೊಂಡ್ರು. ಸತ್ತ ಗಂಡ ಊಟಕ್ಕ ಬರ್ತಾನ ಅನ್ನಾಕಿ ದಾನಪತ್ರ ಹೆಂಗ ಬರದಾಳು ಅಂದ್ರು ಮಜೀದನ ವಕೀಲರು. ನಮ್ಮ ಮನಿಗಿ ಡಾಕ್ಟರ ಬಂದ ಇಲ್ಲ ಅಂತ ನಾ ಹೇಳಿದೆ. ಖೋಲಿ ಸಿಕ್ಕಾಕಿ ನೀನು, ಹಂಗ ಹೇಳದ ಏನ್ ಮಾಡ್ತಿ ಅಂದ್ರು. ನಿನ್ನ ಕರಿಸ್ರಿ ಅಂದೆ. ಪರದೆ ಹೆಣಮಗಳು, ಅದರಾಗ ಬುದ್ಧಿ ಸ್ತಿಮಿತ ಇಲ್ಲಾ, ಕೋರ್ಟಿಗೆ ಹೆಂಗ ತರೂದು ಅಂದ್ರು."

ರಾತ್ರಿಯ ಅಡಿಗೆಗೆ ಮುಂಚೆ ಮಜೀದ ಬಂದ. ತಾಯಿ ಅದನ್ನೇ ಕೇಳಿದಳು.

"ಬಂದಿದ್ರಮ್ಮಾ," ಎಂದ ಅವನು, ಕೋಟು ಗೂಟಕ್ಕೆ ಹಾಕುತ್ತ. "ನೀ ಜ್ವರದಾಗ ಮಲಗಿದ್ಯಲ್ಲಾ, ಮಳಿಗಾಲದಾಗ, ಆವಾಗ. ನಜ್ಮಾ ಹೊಲದ ಜಾಕೀಟು ಕೊಡಾಕ ಹೋಗಿದ್ಲು. ನಿನಗ ನೆಪ್ಪಿಲ್ಲ."

ಜ್ವರ ಬಂದದ್ದು ಸುಳ್ಳಲ್ಲ. ಕ್ವಿನೈನು ನುಂಗಿ ನಾಲ್ಕಾರು ದಿನ ಹಿಂದಿನ ಕೋಣೆಯಲ್ಲಿ ಬಿದ್ದುಕೊಂಡಿದ್ದಳು. ಆ ದಿನಗಳಲ್ಲಿ ಯಾರು ಬಂದರು, ಯಾರು ಹೋದರು, ಏನು ಅಂದಳು, ಅವಳಿಗೇ ಖಾತ್ರಿ ಇರಲಿಲ್ಲ.

"ಗುಲ್ಜಾರ, ಡಾಕ್ಟರ ಬಂದಿದ್ರೇನವ್ವಾ?" ಎಂದು ಸೊಸೆಯನ್ನು ಕೇಳಿದಳು.

"ಬಂದಿದ್ರಮ್ಮಾ," ಎಂದಳು ಗುಲ್ಜಾರಬಿ.

ತೀರ್ಪು ಬಂದ ದಿನ ಮಜೀದ ಜಿಲೇಬಿ ತಂದ. ಡಾಕ್ಟರರ ಅಭಿಪ್ರಾಯವನ್ನು ಕೋರ್ಟು ಒಪ್ಪಿಕೊಂಡಿತ್ತು. ದಾನ ರದ್ದಾಗಿತ್ತು.

"ನೀ ಗೆದ್ದಿ, ಅಮ್ಮಾ," ಎಂದು ಪೊಟ್ಟಣವನ್ನು ಅವಳ ಮುಂದೆ ಇಟ್ಟ. ಕರೀಮಾಬಿ ಅದನ್ನು ಮುಟ್ಟಲಿಲ್ಲ. ಇರುವೆ ಹತ್ತಿ ಬೆಳಿಗ್ಗೆ ದೇವಕ್ಕನ ಎಮ್ಮೆಗೆ ಹೋಯಿತು.

ನಜ್ಮಾ ತನ್ನ ಬೆಳ್ಳಿ ಕಾಲ್ಗಡಗ ಮಾರಿ ಧಾರವಾಡದ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಿದಳು. ಅದು ಮುಗಿಯುವವರೆಗೆ ಕೋಣೆ ಖಾಲಿ ಮಾಡಿಸಬಾರದೆಂದು ತಡೆ ಸಿಕ್ಕಿತು. ಹೀಗಾಗಿ ಗೆದ್ದವರು, ಸೋತವರು ಎಲ್ಲ ಅದೇ ಸೂರಿನಡಿ ಉಳಿದರು. ಒಂದೇ ಒಲೆ, ಒಂದೇ ಹರವಿಯ ನೀರು.

ಆದರೆ ಕರೀಮಾಬಿಗೆ ಮನೆ ಬೇರೆಯಾಗತೊಡಗಿತು. ಮೊದಲು ಈಳಿಗೆ ಕಾಣೆಯಾಯಿತು. ಹುಡುಕಿದರೆ ಮಜೀದನ ಕೋಣೆಯ ಅಟ್ಟದ ಮೇಲಿತ್ತು. ಒಲೆಯ ಮುಂದೆ ಕೂರಹೋದರೆ ಯಾರಾದರೂ ಬಂದು ಬಗಲಿಗೆ ನಿಲ್ಲುತ್ತಿದ್ದರು. ಅಂಗಡಿಗೆ ಹೊಸ ತಗಡು ಬಂತೇ ಎಂದು ಕೇಳಿದರೆ ಮಜೀದ ಅವಳಿಗೆ ಉತ್ತರ ಕೊಡದೆ, "ಆಕಿಗಿ ಹಾಲು ಕೊಟ್ರೇನು?" ಎಂದು ಹೆಂಡತಿಯನ್ನು ಕೇಳುತ್ತಿದ್ದ. ಅಮಲ್ದಾರನ ಮೇಲೆ, ಅಕ್ಕಿಯ ದರದ ಮೇಲೆ ಅವಳು ಆಡುವ ಮಾತಿಗೆ ಮೊದಲಿನಂತೆ ಯಾರೂ ಎದುರಾಡುತ್ತಿರಲಿಲ್ಲ. ಎಲ್ಲದಕ್ಕೂ ಹೌದು ಹೌದು ಎನ್ನುತ್ತಿದ್ದರು. ಅದೇ ಅವಳಿಗೆ ಹೆಚ್ಚು ಅಂಜಿಕೆ ತಂದಿತು.

ಒಂದು ದಿನ ದೇವಕ್ಕ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಕೂಸು ಎರಡು ದಿನದಿಂದ ಹಾಲು ಕುಡಿದಿರಲಿಲ್ಲ.

"ಒಂದಿಷ್ಟು ಊದ್ರಿ, ಕರೀಮಾಬಿ."

"ನಾ ಯಾಕ ಊದ್ಲಿ? ದರ್ಗಾಕ್ಕ ಕರಕೊಂಡು ಹೋಗು."

"ನಿಮಗ ಆ ಕಡಿಯಾವರು ಕಾಣಸ್ತಾರಂತ ಮಂದಿ ಅಂತಾರ್ರಿ. ಕೋರ್ಟಿನಾಗೂ ಖರೇ ಅಂತ ಆಗೇತಲ್ಲಾ."

ಕರೀಮಾಬಿ ಸುಮ್ಮನೆ ಕೂಸಿನ ಹಣೆಗೆ ಊದಿ ಕಳಿಸಿದಳು. ಮರುದಿನ ಕೂಸು ಹಾಲು ಕುಡಿಯಿತು. ಅಂದಿನಿಂದ ಬಾಗಿಲ ಮುಂದೆ ಇನ್ನಿಬ್ಬರು ಮೂವರು ಬರತೊಡಗಿದರು.

ಆ ವಾರವೇ ಅನ್ನ ಅವಳ ಕಣ್ಣಿಗೆ ಬಿದ್ದದ್ದು. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಹೊಸ್ತಿಲ ಆಚೆ ಸಣ್ಣ ಹಿತ್ತಾಳೆ ಬಟ್ಟಲಿನಲ್ಲಿ ಒಂದು ಹಿಡಿ ಅನ್ನ, ಮೇಲೆ ಸಕ್ಕರೆ. ಇರುವೆ ಮುತ್ತಿತ್ತು. ಮರುದಿನವೂ ಇತ್ತು. ಗುಲ್ಜಾರಬಿಯನ್ನು ಕೇಳಿದರೆ ತಲೆ ಅಲ್ಲಾಡಿಸಿದಳು. ಮಜೀದ ತಾಯಿಯ ಕಡೆ ನೋಡಿ ಮುಖ ತಿರುಗಿಸಿದ. ಇಟ್ಟವಳು ನೀನೇ ಎಂಬುದು ಆ ನೋಟದಲ್ಲಿತ್ತು.

ಇಟ್ಟವಳು ತಾನೇ ಇರಬಹುದೇ ಎಂದು ಕರೀಮಾಬಿಗೂ ಅನ್ನಿಸತೊಡಗಿತು. ಡಾಕ್ಟರು ಬಂದದ್ದು ನೆನಪಿಲ್ಲ. ಆಡಿದ ಮಾತು ನೆನಪಿಲ್ಲ. ಇದೂ ಹಾಗೆಯೇ ಇದ್ದರೆ?

ಮಗಳನ್ನು ಕರೆದು ಹೇಳಿದಳು: "ಇವತ್ತ ಅಸರ್ ನಮಾಜ್ ಆದಮ್ಯಾಲೆ ನನ್ನ ಬಾಜೂಕ ಕೂಡ್ರು. ಕೈ ಹಿಡಕೋ. ಪೂರಾ ಕತ್ತಲಿ ಆಗೂತನಕ ಬಿಡಬ್ಯಾಡ."

"ಯಾಕಮ್ಮಾ?"

"ನಾ ಏಳ್ತೇನೇನು ನೋಡು."

ಇಬ್ಬರೂ ಮುಂದಿನ ಕೋಣೆಯಲ್ಲಿ ಕೈ ಹಿಡಿದು ಕೂತರು. ಬೀದಿಯಲ್ಲಿ ಎಮ್ಮೆ ಹಿಂಡು ತಿರುಗಿ ಬಂತು. ಒಳಗೆ ಗುಲ್ಜಾರಬಿ ಕಂದೀಲಿನ ಗಾಜು ಒರೆಸುವ ಸಪ್ಪಳ ಕೇಳಿಸಿತು. ಕರೀಮಾಬಿಯ ಅಂಗೈ ಬೆವೆತಿತ್ತು. ಆದರೂ ನಜ್ಮಾ ಬಿಡಲಿಲ್ಲ. ಕತ್ತಲಾದ ಮೇಲೆ ಇಬ್ಬರೂ ಎದ್ದು ಹಾಗೆಯೇ ಕೈ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಹೋದರು. ಬಟ್ಟಲು ಅಲ್ಲಿತ್ತು. ಅನ್ನ ಇನ್ನೂ ಬೆಚ್ಚಗಿತ್ತು.

"ನಾ ಅಲ್ಲ," ಎಂದಳು ಕರೀಮಾಬಿ. ಸಮಾಧಾನವಾಗಬೇಕಾಗಿತ್ತು. ಆಗಲಿಲ್ಲ.

ಆ ಸುದ್ದಿ ಕೇಳಿದ ಮೇಲೆ ಹೆಚ್ಚು ಹೆದರಿದವನು ಮಜೀದ. ಅಪ್ಪ ಬರುತ್ತಾನೆಂಬ ಮಾತನ್ನು ಕೋರ್ಟಿನಲ್ಲಿ ತಾನೇ ಗಟ್ಟಿ ಮಾಡಿಸಿದವನು, ಈಗ ಸಂಜೆಯಾದರೆ ಹಿತ್ತಲಿಗೆ ಕೈಕಾಲು ತೊಳೆಯಲೂ ಹೋಗಲೊಲ್ಲ. ಬಾಗಿಲಿಗೆ ಹೊಸ ಚಿಲಕ ಹಾಕಿಸಿ ತಾನೇ ಸಂಜೆಗೆ ಮುಂಚೆ ಹಾಕಿ ಬರುತ್ತಿದ್ದ. ಬೆಳಿಗ್ಗೆ ಚಿಲಕ ತೆಗೆದಿರುತ್ತಿತ್ತು.

"ಅಪ್ಪನ ಸಿಟ್ಟು ನನ್ನ ಮ್ಯಾಲೆ ಐತೇನು, ಅಮ್ಮಾ?" ಎಂದು ಒಂದು ದಿನ ಊಟದ ನಡುವೆ ಕೇಳಿದ. ಬಹಳ ದಿನದ ಮೇಲೆ ತಾಯಿಯನ್ನು ನೇರವಾಗಿ ಮಾತಾಡಿಸಿದ್ದ.

"ಹುಚ್ಚೀನ ಕೇಳಾಕತ್ತಿ," ಎಂದಳು ಕರೀಮಾಬಿ.

ಬೇಸಿಗೆ ಹತ್ತಿರಾದಾಗ ಅಪೀಲು ಧಾರವಾಡದಲ್ಲಿ ವಿಚಾರಣೆಗೆ ಬೋರ್ಡಿನ ಮೇಲೆ ಬಂತು. ನಜ್ಮಾಳ ವಕೀಲ ಉಳವಪ್ಪ ಹಗುರ ದನಿಯ ಮನುಷ್ಯ. ಕೆಳಗಿನ ಕೋರ್ಟು ಡಾಕ್ಟರರ ಮಾತನ್ನು ಪಾಠದಂತೆ ಬರೆದುಕೊಂಡಿದೆ, ಆ ಮಾತಿಗೆ ಬುಡವಿದೆಯೇ ಎಂದು ನೋಡಿಯೇ ಇಲ್ಲ ಎಂಬುದಷ್ಟೇ ಅವರ ವಾದ. ಅಪೀಲಿನಲ್ಲಿ ಸಾಕ್ಷಿಯನ್ನು ಮತ್ತೆ ಕರೆಯುವುದು ಅಪರೂಪ. ಆದರೂ ಜಡ್ಜರು ಎರಡು ಆಜ್ಞೆ ಮಾಡಿದರು. ಡಾಕ್ಟರು ಮತ್ತೆ ಬರಬೇಕು. ಹುಚ್ಚಿ ಎನಿಸಿಕೊಂಡವಳೂ ಬರಬೇಕು.

ಗುಲ್ಜಾರಬಿಯೊಬ್ಬಳನ್ನು ಬಿಟ್ಟು ಎಲ್ಲರೂ ರೈಲಿನಲ್ಲಿ ಧಾರವಾಡಕ್ಕೆ ಹೋದರು. ತಾಯಿ, ಮಗಳು ಹೆಂಗಸರ ಡಬ್ಬಿಯಲ್ಲಿ; ಮಜೀದ ಮುಂದಿನದರಲ್ಲಿ.

ಡಾಕ್ಟರ ನೀಲಕಂಠಪ್ಪ ರುಮಾಲು ಸುತ್ತಿದ, ನೇರ ಕೂರುವ ವೃದ್ಧರು. ಸುಳ್ಳು ಹೇಳುವ ಮುಖವಲ್ಲ. ಕರೀಮಾಬಿ ಬುರ್ಖಾದ ಜಾಲರಿಯೊಳಗಿಂದ ಅವರನ್ನು ಎಷ್ಟು ನೋಡಿದರೂ ಹಿಂದೆ ಕಂಡ ನೆನಪು ಬರಲಿಲ್ಲ.

"ಮುಖಾ ನೋಡಿದ್ರೇನ್ರಿ?" ಎಂದು ಉಳವಪ್ಪ ಕೇಳಿದರು.

"ಇಲ್ಲ. ಅವರ ಪದ್ಧತಿ ಅಲ್ಲ. ಪರದೆ ಹೊರಗ ಕೈ ಚಾಚಿದ್ರು, ನಾಡಿ ನೋಡಿದೆ."

"ಆ ಕೈ ಕರೀಮಾಬಿಯವರದು ಅಂತ ಯಾರು ಹೇಳಿದ್ರು?"

"ಮಗಾ ಹೇಳಿದ."

"ಜ್ವರಾ ಇತ್ತೇನು?"

"ಇಲ್ಲ. ನಾಡಿ ಸಮಾಧಾನ ಇತ್ತು. ನಾ ಬರದೇನಿ."

ಉಳವಪ್ಪ ಜಡ್ಜರ ಕಡೆ ತಿರುಗಿ, ಆ ದಿನ ತಾಯಿ ಜ್ವರದಲ್ಲಿ ಮಲಗಿದ್ದಳೆಂದು ಮಗನೇ ಕೆಳಗಿನ ಕೋರ್ಟಿನಲ್ಲಿ ಹೇಳಿದ್ದನ್ನು ತೋರಿಸಿದರು. ಡಾಕ್ಟರರ ಮುಖ ಕೆಂಪಾಯಿತು. ತಮ್ಮ ಕೆಲಸದಲ್ಲಿ ಹಗುರತನ ಇರಲಿಲ್ಲವೆಂದು ತೋರಿಸಲು ಅವರು ತಾವಾಗಿಯೇ ಹೇಳಿದರು:

"ನಾ ಪೂರಾ ನಾಡಿ ಎಣಿಸಿ ನೋಡೇನ್ರಿ. ಬಳಿ ಅಡ್ಡ ಬರ್ತಿದ್ವು. ನಾನ ಮ್ಯಾಲೆ ಸರಿಸಿ ಹಿಡಿದೆ."

"ಎಂಥಾ ಬಳಿ?"

"ಗಾಜಿನವು. ಹಸರು."

ಕರೀಮಾಬಿ ಬುರ್ಖಾದೊಳಗಿಂದ ಎರಡೂ ಕೈ ಹೊರಗೆ ಚಾಚಿದಳು. ಗಂಡ ಸತ್ತ ದಿನ ಒಡೆದ ಬಳೆ. ಆರು ವರ್ಷದಿಂದ ಆ ಮಣಿಕಟ್ಟು ಬರಿದಾಗಿತ್ತು. ಡಾಕ್ಟರು ಆ ಕೈಗಳನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು.

ಜಡ್ಜರು ಕರೀಮಾಬಿಯನ್ನು ತಮ್ಮ ಕೋಣೆಗೆ ಕರೆಸಿ ಮಾತಾಡಿಸಿದರು. ಮನೆಯಲ್ಲಿ ಎಷ್ಟು ಜನ, ದಾನ ಯಾಕೆ ಕೊಟ್ಟೆ, ಮಗನ ಮೇಲೆ ಸಿಟ್ಟಿದೆಯೇ ಎಂದು ಕೇಳಿದರು. "ಸಿಟ್ಟೈತ್ರಿ. ಆದ್ರ ಊಟಕ್ಕ ಹಾಕ್ತೇನಿ," ಎಂದಳು ಅವಳು.

ಹೊರಗೆ ಬೇವಿನ ಮರದ ಕೆಳಗೆ ಉಳವಪ್ಪ ನಜ್ಮಾಳನ್ನು ಬದಿಗೆ ಕರೆದರು.

"ಆ ಕೈ ಯಾರದು ನಿನಗ ಗೊತ್ತಾಗೇತಿ, ತಂಗಿ. ಹೇಳಿದ್ರ ಕೇಸು ಇನ್ನೂ ಗಟ್ಟಿ ಆಕ್ಕೈತಿ. ಖರೇ, ನಿಮ್ಮ ಅಣ್ಣ ಜೇಲಿಗೆ ಹೋಗಬಹುದು. ಆ ಕೈಯಾಕಿನೂ ಹೋಗಬಹುದು."

ನಜ್ಮಾ ದೂರದಲ್ಲಿ ಒಬ್ಬನೇ ನಿಂತಿದ್ದ ಅಣ್ಣನನ್ನು ನೋಡಿದಳು.

"ನಂಗ ಗೊತ್ತಿಲ್ರಿ," ಎಂದಳು. "ನಮ್ಮ ಅಮ್ಮಂದಲ್ಲ, ಅಷ್ಟು ಗೊತ್ತೈತಿ."

"ಅಷ್ಟ ಸಾಕು," ಎಂದರು ಉಳವಪ್ಪ. ಮತ್ತೆ ಕೇಳಲಿಲ್ಲ.

ತಿರುಗಿ ಬರುವಾಗ ಸ್ಟೇಶನ್ನಿನಲ್ಲಿ ಗಾಡಿ ತಡವಾಯಿತು. ಮೂವರೂ ಒಂದೇ ಬಾಕಿನ ಮೇಲೆ ಕೂತಿದ್ದರು. ಕರೀಮಾಬಿ ಮಗನನ್ನು ಕೇಳಿದಳು.

"ಗುಲ್ಜಾರನ್ನ ನನ್ನ ಜಾಗಾದಾಗ ಕೂಡ್ರಿಸಿದಿ."

ಮಜೀದ ತಲೆ ತಗ್ಗಿಸಿದ.

"ಆ ಮಾತೂ ನೀನ ಕಲಿಸಿದ್ಯೇನು?"

"ನಾ ಕಲಿಸಿದ್ದು ಬ್ಯಾರೆ. ಹೆಸರ ಕೇಳಿದ್ರ ತಪ್ಪ ಹೇಳು, ವಾರ ಕೇಳಿದ್ರ ತಪ್ಪ ಹೇಳು ಅಂದಿದ್ದೆ. ಆ ಹಿತ್ತಲ ಬಾಗಲದ ಮಾತು ಆಕಿ ತಾನ ಹೇಳಿದ್ಲು. ಛಲೋ ನಾಟಕಾ ಮಾಡಿದ್ಲು ಅಂತ ತಿಳಕೊಂಡೆ."

ಕರೀಮಾಬಿಯೂ ನಜ್ಮಾಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಾಡಿ ಬಂತು, ಜನ ಹತ್ತಿದರು, ಇಳಿದರು. ಮೂವರಿಗೂ ಏಳಲು ಹೊತ್ತು ಹಿಡಿಯಿತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮುಂಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಂದಕ್ಕೆ ಮಾಡಿತ್ತು. ಒಲೆಯ ಮೇಲಿಂದ ಅನ್ನ ಇಳಿದಿತ್ತು. ಹಿತ್ತಲ ಬಾಗಿಲು ತೆರೆದಿತ್ತು; ಹೊಸ್ತಿಲ ಮೇಲೆ ಗುಲ್ಜಾರಬಿ ಹೊರಗೆ ಮುಖ ಮಾಡಿ ಕೂತಿದ್ದಳು. ಮುಂದೆ ಬಟ್ಟಲು. ಯಾರಿಗೋ ಹೇಳುವಂತೆ, ಮೆತ್ತಗೆ, "ಬಿಸಿ ಐತಿ, ಊದಿಕೊಂಡು ಉಣ್ಣು," ಎನ್ನುತ್ತಿದ್ದಳು.

ಮಜೀದ ಹಿಂದಕ್ಕೆ ಸರಿದು ಗೋಡೆ ಹಿಡಿದ. ಕರೀಮಾಬಿ ಬುರ್ಖಾ ತೆಗೆಯದೆ ಸೊಸೆಯ ಹಿಂದೆ ಹೋಗಿ ನಿಂತಳು. ಹಿತ್ತಲಲ್ಲಿ ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು. ಬೇರೆ ಏನೂ ಇರಲಿಲ್ಲ. ಎರಡು ವರ್ಷ ಇದೇ ಮನೆಯಲ್ಲಿ ಉಂಡು ಮಲಗಿಯೂ ತನಗೆ ತಿಳಿಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ತನ್ನನ್ನು ಹೆದರಿಸಿದ ಮಾತು ಸುಳ್ಳಾಗಿರಲಿಲ್ಲ. ಬಾಯಿ ಬೇರೆಯವಳದಾಗಿತ್ತು.

ಮುಂದಿನ ವಾರ ತೀರ್ಪು ಬಂತು. ಉಳವಪ್ಪ ಅದನ್ನು ನಜ್ಮಾಳಿಗೆ ಕನ್ನಡದಲ್ಲಿ ಹೇಳಿದರು: "ಡಾಕ್ಟರು ಅಂದಾಕ್ಷಣ ಅದು ಸಾಕ್ಷಿ ಆಗೂದಿಲ್ಲ ಅಂತ ಬರದಾರ. ಯಾರನ್ನ ನೋಡಿ ಹೇಳಿದ್ರು ಅನ್ನೂದ ಗೊತ್ತಿಲ್ಲದ ಮಾತು, ಎಷ್ಟ ಕಲತಾವರು ಹೇಳಿದ್ರೂ ಅಷ್ಟ. ಕೆಳಗಿನ ಕೋರ್ಟು ಅದನ್ನ ಕೇಳಬೇಕಾಗಿತ್ತು, ಕೇಳಲಿಲ್ಲ. ನಿಮ್ಮ ಅಮ್ಮ ಶುದ್ಧ ಬುದ್ಧಿಯಾಕಿ. ಹಿಂಗಾಗಿ ಆಕಿ ಹೆಸರಿನ ದಾವೇನ ನಿಲ್ಲೂದಿಲ್ಲ." ಕೈ ಯಾರದೆಂಬುದರ ಗೊಡವೆಗೆ ಜಡ್ಜರು ಹೋಗಿರಲಿಲ್ಲ. ಕೋಣೆಗಳು ನಜ್ಮಾಳಿಗೆ ಉಳಿದವು. ಮಜೀದ ಹಳೆಯ ಅಂಗಡಿಯಲ್ಲೇ ಟ್ರಂಕು ಬಡಿಯುತ್ತ ಉಳಿದ. ತಂಗಿಯ ಕೂಡ ಮಾತು ಬಿಟ್ಟಿದ್ದ; ಆದರೆ ಅವಳ ಮಶೀನು ಕೆಟ್ಟಾಗ ಹೇಳದೆ ಕೇಳದೆ ಕೂತು ರಿಪೇರಿ ಮಾಡಿ ಎದ್ದುಹೋದ.

ತೀರ್ಪಿನ ಸುದ್ದಿ ಬಂದ ಸಂಜೆಯೇ ಕರೀಮಾಬಿ ಅವನಿಗೆ ಹೇಳಿದಳು.

"ಆ ಡಾಕ್ಟರನ್ನ ಕರಕೊಂಡ ಬಾ."

"ಯಾವ ಮುಖಾ ಇಟಗೊಂಡು ಹೋಗ್ಲಿ, ಅಮ್ಮಾ?"

"ನಿನ್ನ ಮುಖಾನ ಇಟಗೊಂಡ ಹೋಗು. ಕೋರ್ಟು ಅವರ ಮಾತು ಖರೇ ಅಲ್ಲ ಅಂತು. ಈ ಮನ್ಯಾಗ ಖರೇ ಕೇಳಿದಾವರು ಅವರೊಬ್ಬರ."

ಡಾಕ್ಟರು ಬರುತ್ತಾರೆಂದು ಯಾರೂ ನಂಬಿರಲಿಲ್ಲ. ಬಂದರು. ಟಾಂಗಾದಿಂದ ಇಳಿದು, ಬಾಗಿಲಲ್ಲಿ ಕರೀಮಾಬಿಯನ್ನು ಕಂಡು ಕೈ ಮುಗಿದು, "ನಿಮಗ ಅನ್ಯಾಯ ಆತು," ಎಂದರು. ಅವಳು ಅವರನ್ನು ಒಳಗೆ ಕರೆದೊಯ್ದು ಕುರ್ಚಿ ಹಾಕಿಸಿದಳು. ಚಾಪೆಯ ಮೇಲೆ ಸೊಸೆಯನ್ನು ತನ್ನ ಮಗ್ಗುಲಲ್ಲೇ ಕೂರಿಸಿಕೊಂಡಳು. ಸೆರಗು ತಲೆಯ ಮೇಲಿತ್ತು, ಮುಖ ತೆರೆದಿತ್ತು. ಮಜೀದ ಏನೋ ಹೇಳಹೋದ. ತಾಯಿ ಕೈ ಎತ್ತಿ ತಡೆದಳು.

ಡಾಕ್ಟರು ಬಹಳ ಹೊತ್ತು ಆ ಮುಖವನ್ನು ನೋಡಿದರು. ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣು. ಕಣ್ಣ ಕೆಳಗೆ ಕಪ್ಪು.

"ಅವತ್ತು ಮಾತಾಡಿದಾಕಿ ನೀನ ಏನವ್ವಾ?"

"ಹೌದ್ರಿ."

"ಯಾರಾದ್ರೂ ಹೇಳಿಕೊಟ್ಟಿದ್ರ?"

"ಅವರು ಬ್ಯಾರೆ ಹೇಳಿಕೊಟ್ಟಿದ್ರು. ನೀವು 'ಮನಸಿನ್ಯಾಗ ಏನೈತಿ, ತಾಯಿ' ಅಂತ ಕೇಳಿದ್ರಿ." ಗುಲ್ಜಾರಬಿ ಚಾಪೆಯ ಒಂದು ಎಳೆ ಕಿತ್ತಳು. "ಅಲ್ಲೀತನಕ ಯಾರೂ ಕೇಳಿದ್ದಿಲ್ರಿ."

ನಜ್ಮಾ ಬಾಗಿಲ ಸಂದಿಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅವ ಅಂದ್ಯಲ್ಲಾ. ಅವ ಯಾರು?"

"ಮೌಲಾಲಿ."

ಎರಡು ವರ್ಷದ ಮೇಲೆ ಆ ಹೆಸರು ಮನೆಯೊಳಗೆ ಗಟ್ಟಿಯಾಗಿ ಕೇಳಿಸಿತ್ತು. ಮಜೀದ ಗೋಡೆಯ ಕಡೆ ತಿರುಗಿ ನಿಂತ.

"ಏನ್ ಅಂತಾನ?"

"ಹಸಿವು ಅಂತಾನ. ಗಂಟಲಾ ಬ್ಯಾನಿ ಕಡಿಮಿ ಆಗೇತಿ, ಈಗ ನುಂಗಾಕ ಬರ್ತೈತಿ ಅಂತಾನ."

ಹೊರಗೆ ಬೆಳಕು ಇಳಿಯುತ್ತಿತ್ತು. ಯಾರೂ ಕಂದೀಲು ಹಚ್ಚಲು ಏಳಲಿಲ್ಲ. ಡಾಕ್ಟರು ಅವಳ ಕೈ ಹಿಡಿದು ನಾಡಿ ನೋಡಿದರು. ಈ ಸಲ ಎಣಿಸುವಂತೆ ಕಾಣಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು.

"ದಿನಾ ಬರ್ತಾನೇನು?"

"ದಿನಾ."

"ಇವತ್ತ ಬರ್ತಾನ?"

ಗುಲ್ಜಾರಬಿ ಕಣ್ಣೆತ್ತಿದಳು. ಡಾಕ್ಟರರನ್ನಲ್ಲ, ಅತ್ತೆಯ ಆಚೆ ಬದಿಯ ನೆಲವನ್ನು ನೋಡಿದಳು.

"ಬಂದಾನ್ರಿ," ಎಂದಳು. "ಅಮ್ಮಾರ ಬಾಜೂಕ ನಿಂತಾನ. ಕೂಡ್ರಾಕ ಜಾಗಾ ಇಲ್ಲ ಅವಂಗ."

ಕರೀಮಾಬಿ ಆ ಕಡೆ ತಿರುಗಿ ನೋಡಲಿಲ್ಲ. ಮೆಲ್ಲಗೆ ಮೊಣಕಾಲು ಮಡಿಚಿಕೊಂಡು, ಚಾಪೆಯ ಮೇಲೆ ಸೊಸೆಯ ಹತ್ತಿರಕ್ಕೆ ಒಂದಿಷ್ಟು ಸರಿದು ಕೂತಳು.